ಗಾಜಿನ ಮನೆಯಲ್ಲಿ ಒಂದಕ್ಕೆ ಹೋಗುವ ವಿಚಾರ

ಮನುಕುಲದ ಮುಂದಿರುವ ದೊಡ್ಡ ಪ್ರಶ್ನೆಗಳ ಸಾಲಿಗೆ ಇದನ್ನೂ ಸೇರಿಸಬೇಕಾಗುತ್ತದೆ: ಮೂವರು ಹೆಂಗಸರು ಬೆಳಗಿನ ಕೆಲಸದ ನಡುವೆ ಒಂದಕ್ಕೆ ಹೋಗಬಹುದೋ, ಹೋಗಬಾರದೋ. ಓದುವವರು ನಗಬಾರದು. ಈ ವಿಚಾರವಾಗಿ ಒಂದು ಸಮಿತಿಯೇ ಕೂತಿತ್ತು. ಸಮಿತಿಯಲ್ಲಿ ಓದಿದವರಿದ್ದರು; ಒಬ್ಬರಂತೂ ಕಪ್ಪೆಯ ಮೂತ್ರಕೋಶದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ಸಮಿತಿ ಮೂರು ಸಲ ಸೇರಿತು. ಮೂರು ಸಲವೂ ಚಹಾ ಕುಡಿಯಿತು. ಮೂರು ಸಲವೂ ಸದಸ್ಯರು ಚರ್ಚೆಯ ನಡುವೆ ಒಬ್ಬೊಬ್ಬರಾಗಿ ಎದ್ದುಹೋಗಿ, ಹಗುರಾಗಿ, ಕೈ ತೊಳೆದುಕೊಂಡು ಬಂದು ಕೂತರು. ಕೊನೆಗೆ, ಹೋಗಬಾರದು ಎಂದು ತೀರ್ಮಾನವಾಯಿತು.

ಕೆಲಸದ ಜಾಗ ಒಂದು ಗಾಜಿನ ಮನೆ. ಊರಿನ ಅಂಚಿನಲ್ಲಿ, ಬಸ್ಸು ತಿರುಗಿಸುವ ಬಯಲಿನ ಪಕ್ಕ, ಬೋರಲು ಹಾಕಿದ ಬಟ್ಟಲಿನ ಹಾಗೆ ಕೂತಿದೆ. ಒಳಗೆ ಒಂದು ಪುಟ್ಟ ಕಾಡು. ಒಂದು ಕೊಳ, ದಂಡೆಯಲ್ಲಿ ಕಪ್ಪೆ, ಆಳೆತ್ತರದ ಜರಿಗಿಡ, ಚಪ್ಪರದ ತುಂಬ ಹಾಗಲ, ನೆಲದ ತುಂಬ ಕುಂಬಳ, ತಲೆಯ ಮೇಲೆ ಜುಟ್ಟಿರುವ ಪಿಕಳಾರ ಹಕ್ಕಿಗಳು, ಯಾರ ಮಾತಿಗೂ ಸೊಪ್ಪು ಹಾಕದ ಒಂದು ಮುದಿ ಆಮೆ. ಗಿಡ ಮತ್ತು ಪ್ರಾಣಿ ಒಂದನ್ನೊಂದು ನೆಚ್ಚಿ ಬದುಕುವ ಬಗೆಯನ್ನು ಜನರಿಗೆ ತೋರಿಸಬೇಕೆಂದು ಕಟ್ಟಿದ್ದು. ಹಾಗಲ ಹಣ್ಣಾಗಿ ಬಿರಿದರೆ ಪಿಕಳಾರ ಬಂದು ಕೆಂಪು ಬೀಜ ನುಂಗುತ್ತದೆ. ಹಿಕ್ಕೆಯ ಜೊತೆ ಬೀಜ ಇನ್ನೆಲ್ಲೋ ಬೀಳುತ್ತದೆ. ಅಲ್ಲೊಂದು ಹೊಸ ಬಳ್ಳಿ. ಕುಂಬಳದ ಕಾಯಿ ಆಮೆಗೆ, ಆಮೆಯ ಲದ್ದಿ ಕುಂಬಳದ ಬೇರಿಗೆ. ಎಲೆ ಹುಳುವಿಗೆ, ಹುಳು ಕಪ್ಪೆಗೆ. ಬಾಗಿಲ ಬಳಿ ದೊಡ್ಡ ಅಕ್ಷರದ ಫಲಕ: ಇಲ್ಲಿ ಮನುಷ್ಯನ ಕೈ ಸೋಕಿಲ್ಲ.

ಸೋಕಿತ್ತು. ದಿನಾ ಬೆಳಿಗ್ಗೆ ಆರು ಕೈ ಸೋಕುತ್ತಿದ್ದವು.

ಆ ಆರು ಕೈ ಒಳಗೆ ಬರಲು ಕಾರಣ ಒಂದು ಸೊಳ್ಳೆ. ಉದ್ಘಾಟನೆಯ ಹಿಂದಿನ ದಿನ ಅದು ಗಾಜಿನ ಮನೆಯ ನಿರ್ದೇಶಕರ ಹೆಂಡತಿಯನ್ನು ಕಚ್ಚಿತು. ಕಚ್ಚಬಾರದವರನ್ನು ಕಚ್ಚಿದರೆ ಏನಾಗಬೇಕೋ ಅದೇ ಆಯಿತು. ಔಷಧಿ ಹೊಡೆಸಿದರು. ಸೊಳ್ಳೆ ಸತ್ತಿತೋ ಇಲ್ಲವೋ, ಪೆಟ್ಟಿಗೆಯಲ್ಲಿ ತಂದಿಟ್ಟಿದ್ದ ಜೇನು ಮಾತ್ರ ಒಂದೂ ಉಳಿಯಲಿಲ್ಲ. ಮತ್ತೊಂದು ಪೆಟ್ಟಿಗೆ ತಂದರು. ಅವು ಆಕಾಶ ಅಂದುಕೊಂಡು ಗಾಜಿಗೆ ಡಿಕ್ಕಿ ಹೊಡೆದು ಉದುರಿದವು. ಹೂವಿಗೆ ಈ ಸುದ್ದಿಯೆಲ್ಲ ಯಾರು ಹೇಳಬೇಕು? ಅದು ಬೆಳಿಗ್ಗೆ ಅರಳಿ, ಯಾರೂ ಬಾರದ್ದಕ್ಕೆ ಮಧ್ಯಾಹ್ನ ಮುದುಡಿ ಬೀಳುತ್ತಿತ್ತು. ಹಾಗಲ, ಕುಂಬಳಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನಡುವೆ ಓಡಾಡುವವರು ಇಲ್ಲದಿದ್ದರೆ ಕಾಯಿಲ್ಲ. ಕಾಯಿಲ್ಲದಿದ್ದರೆ ಹಕ್ಕಿಯಿಲ್ಲ, ಆಮೆಯಿಲ್ಲ, ಟಿಕೆಟ್ಟಿಲ್ಲ. ಹಾಗಾಗಿ ಚರಂಡಿಯಾಚೆಯ ಸಾಲುಮನೆಗಳಿಂದ ಮೂವರು ಹೆಂಗಸರನ್ನು ಕರೆತಂದರು. ಆ ಸಾಲನ್ನು ದಾಟುವಾಗ ಊರಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಹೂವು ಮುಚ್ಚಿಕೊಳ್ಳಲಿಲ್ಲ.

ಮೂವರಲ್ಲಿ ಹಿರಿಯಳು ದೊಡ್ಡಕ್ಕ. ಅವಳ ಕೈ ನಡುಗುವುದಿಲ್ಲ, ಅದಕ್ಕೆ ಎತ್ತರದ ಏಣಿ ಅವಳಿಗೆ. ಎರಡನೆಯವಳು ಅವಳ ಗಂಡನ ತಂಗಿ. ನಾದಿನಿ ಎಂದೇ ಎಲ್ಲರೂ ಕರೆಯುತ್ತಿದ್ದರು, ಲೋಕಕ್ಕೆಲ್ಲ ನಾದಿನಿಯಾದ ಹಾಗೆ. ಮೂರನೆಯವಳು ಪಕ್ಕದ ಮನೆಯವಳು, ಹೆಸರು ಮೌನಿ. ಹುಟ್ಟಿದಾಗಿನಿಂದ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಬಂದ ಹೆಸರು.

ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ. ಕುಂಬಳದ ಗಂಡು ಹೂ ಕಿತ್ತು, ದಳ ಸುಲಿದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ಬಾಯಿಗೆ ಮೆಲ್ಲಗೆ ಒರೆಸಬೇಕು. ಇದಕ್ಕೆ ಮೊಣಕಾಲೂರಿ ತೆವಳಬೇಕು. ಹಾಗಲದ ಹೂ ಚಿಕ್ಕದು, ಅದಕ್ಕೆ ಕುಂಚ. ಇದಕ್ಕೆ ಏಣಿ ಹತ್ತಿ ಕತ್ತನ್ನು ಹಿಂದಕ್ಕೆ ಮುರಿದು ನಿಲ್ಲಬೇಕು. ಮೇಲಿನಿಂದ ಗಾಜು ಬಿಸಿಲನ್ನು ಇಳಿಸುತ್ತದೆ, ಕೆಳಗಿನಿಂದ ಮಣ್ಣು ಹಬೆಯನ್ನು ಏರಿಸುತ್ತದೆ. ನಡುವೆ ಇರುವವರು ಬೇಯುತ್ತಾರೆ. ಮೊಣಕಾಲಿನ ಚರ್ಮ ಕಪ್ಪಾಗಿ, ದಪ್ಪವಾಗಿ, ಕೊನೆಗೆ ಒಡೆಯಿತು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳುವ ಹಾಗಿಲ್ಲ. ಕೈ ತುಂಬ ಹಳದಿ ಪುಡಿ, ಕಣ್ಣು ಉರಿಯುತ್ತದೆ.

ಮೌನಿ ಈ ಕೆಲಸಕ್ಕೆ ಒಂದು ವ್ಯಾಖ್ಯಾನ ಬರೆದಿದ್ದಳು, ಬಾಯಲ್ಲಿ. "ಮನೇಲೂ ಗಂಡಸ್ರು ಕೂತಕಡೆಯಿಂದ ಏಳಲ್ಲ. ಇಲ್ಲೂ ಗಂಡನ್ನ ನಾವೇ ಎತ್ಕೊಂಡು ಹೋಗಿ ಹೆಣ್ಣಿನ ಹತ್ರ ಬಿಡ್ಬೇಕು. ಇಷ್ಟು ಮಾಡಿದ್ರೂ ಕಾಯಿ ಬಿಟ್ರೆ ಹೆಸರು ಅವನದೇ."

ಒಂಬತ್ತಕ್ಕೆ ನೋಡುಗರು ಬರುತ್ತಿದ್ದರು. ಗಂಟೆ ಬಾರಿಸುತ್ತಿತ್ತು. ಗಂಟೆ ಕೇಳಿದೊಡನೆ ಮೂವರೂ ಏಣಿ ಮಲಗಿಸಿ ಜರಿಗಿಡಗಳ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂರಬೇಕು. ಕಾಣದಿರಲೆಂದು ಮೂವರಿಗೂ ಹಸಿರು ನಿಲುವಂಗಿ. ವಿವರಣೆ ಕೊಡಲು ಒಬ್ಬ ನಿವೃತ್ತ ಶಾಲಾ ಮೇಷ್ಟ್ರಿದ್ದರು. ಕಂಠ ಒಳ್ಳೆಯದು, ನಲವತ್ತು ವರ್ಷ ಕೊನೆಯ ಬೆಂಚಿಗೂ ಕೇಳಿಸಿದ ಕಂಠ. ಜೇನು ಒಂದೂ ಕಾಣುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ಜೇನುಹುಳು ನಾಚಿಕೆ ಸ್ವಭಾವದ್ದು, ಜನರನ್ನು ಕಂಡರೆ ಅಡಗಿಕೊಳ್ಳುತ್ತದೆ ಎನ್ನುತ್ತಿದ್ದರು. ಅದು ಪೂರಾ ಸುಳ್ಳೂ ಅಲ್ಲ. ನಾಲ್ಕು ಮಾರು ದೂರದಲ್ಲಿ ಜೇನು ಅಡಗಿಯೇ ಕೂತಿರುತ್ತಿತ್ತು, ಕಾಲು ಜೋಮು ಹಿಡಿದು.

ಇನ್ನು ಬಾಗಿಲು. ಒಂದರ ಮುಂದೆ ಒಂದು ಎರಡು ಬಾಗಿಲು, ಬೀಗದ ಕೈ ಕೆಲಸ ಮಾಡಿಸುವ ಮೇಸ್ತ್ರಿಯ ಸೊಂಟದಲ್ಲಿ. ಬಾಗಿಲು ತೆಗೆದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಹೋದದ್ದನ್ನು ಒಂದು ಯಂತ್ರ ಗುರುತಿಸಿ ಗೋಡೆಯ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಬಾಗಿಲು ತೆಗೆದಾಗೆಲ್ಲ ಗೆರೆಯಲ್ಲಿ ಒಂದು ಹಲ್ಲು. ನಿರ್ದೇಶಕರಿಗೆ ಆ ಗೆರೆಯ ಮೇಲೆ ಪ್ರಾಣ. ಕೆಲವರು ಮಕ್ಕಳ ಹಲ್ಲು ನೋಡಿ ಸಂತೋಷಪಡುತ್ತಾರೆ, ಇವರು ಹಲ್ಲಿಲ್ಲದ ಗೆರೆ ನೋಡಿ ಸಂತೋಷಪಡುವವರು. ನೋಡುಗರಿಗಾಗಿ ಬೀಳುವ ಹಲ್ಲುಗಳಿಗೆ ಕ್ಷಮೆಯಿತ್ತು. ಜರಿಗಿಡದ ಹಿಂದಿನವರ ಮೂತ್ರಕೋಶದಿಂದ ಬೀಳುವ ಹಲ್ಲಿಗೆ ಇರಲಿಲ್ಲ.

ಹೊರಬಾಗಿಲಿನಿಂದ ಹತ್ತು ಹೆಜ್ಜೆಗೆ ಕಚೇರಿಯ ಶೌಚಾಲಯ. ಬಿಳಿ ಹೆಂಚು, ಕನ್ನಡಿ, ಸೋಪು. ಅದು ಕಚೇರಿಯವರಿಗೆ. ಹೆಂಗಸರು ಮಧ್ಯಾಹ್ನ ಹೊರಬಂದ ಮೇಲೂ ಕಾಂಪೌಂಡಿನ ಹಿಂದಿನ ಪೊದೆಗೆ ಹೋಗಬೇಕು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಿಲ್ಲದ ಕಾರಣಗಳು ಬಲು ಗಟ್ಟಿ. ಒಳಗಿನ ಕಪ್ಪೆಗೆ ಕೊಳವಿತ್ತು. ಆಮೆಗೆ ಇಡೀ ನೆಲವಿತ್ತು. ಹಕ್ಕಿಗಳಂತೂ ನಿರ್ದೇಶಕರ ಭುಜವನ್ನೂ ಬಿಟ್ಟಿರಲಿಲ್ಲ.

ಇದಕ್ಕೆ ಹೆಂಗಸರು ಕಂಡುಕೊಂಡ ಉಪಾಯ ನೀರು ಕುಡಿಯದಿರುವುದು. ಬೇಯುವ ಗಾಜಿನಡಿ, ಬೆವರು ಸುರಿಸುತ್ತ, ಒಂದು ಗುಟುಕಿಲ್ಲದೆ. ಒಂದೆರಡು ತಿಂಗಳಲ್ಲಿ ದೊಡ್ಡಕ್ಕನಿಗೆ ಉರಿಮೂತ್ರ ಶುರುವಾಯಿತು. ಮೂರು ಹೆತ್ತ ದೇಹ, ಮೊದಲೇ ತಡೆಯುವ ಶಕ್ತಿ ಕಡಿಮೆ. ಹೋದರೆ ಬೆಂಕಿ, ಹೋಗದಿದ್ದರೆ ನೋವು. ಆಸ್ಪತ್ರೆಯ ಡಾಕ್ಟರಮ್ಮ ಮಾತ್ರೆ ಬರೆದು, ಚೆನ್ನಾಗಿ ನೀರು ಕುಡಿ, ಬಂದಾಗ ತಡೀಬೇಡ, ಹೀಗೇ ಬಿಟ್ಟರೆ ಕಿಡ್ನಿಗೆ ಹೋಗುತ್ತೆ ಎಂದು ಬೈದು ಕಳಿಸಿದಳು. ದೊಡ್ಡಕ್ಕ ಆ ಬೈಗುಳವನ್ನು ಇದ್ದಹಾಗೇ ತಂದು ಮೇಸ್ತ್ರಿಗೆ ಒಪ್ಪಿಸಿದಳು. ಮೇಸ್ತ್ರಿ ಮೇಲಿನವರಿಗೆ ಒಪ್ಪಿಸಿದ. ಆಗ ಕೂತದ್ದೇ ಆ ಸಮಿತಿ.

ಸಮಿತಿ ಬರಿಗೈಯಲ್ಲಿ ಕಳಿಸಲಿಲ್ಲ ಎನ್ನುವುದನ್ನೂ ಹೇಳಬೇಕು. ನಿರ್ದೇಶಕರು ದೊಡ್ಡಕ್ಕನನ್ನು ಕೋಣೆಗೆ ಕರೆಸಿದರು. ಕೂರಲು ಹೇಳಲಿಲ್ಲ. ಮೇಜಿನ ಮೇಲೆ ಒಂದು ದಪ್ಪ ಪೊಟ್ಟಣ ಇಟ್ಟು ಪೆನ್ನಿನ ತುದಿಯಿಂದ ಅವಳ ಕಡೆಗೆ ತಳ್ಳಿದರು. ಹಾಸಿಗೆ ಹಿಡಿದ ಮುದುಕರಿಗೆ ಕಟ್ಟುವ ಡೈಪರು.

"ನೋಡಮ್ಮ, ಆಕಾಶಕ್ಕೆ ಹೋಗೋರೂ ಇದನ್ನ ಹಾಕ್ಕೊಂಡೇ ಹೋಗೋದು. ಇದರಲ್ಲಿ ಅವಮಾನ ಏನಿಲ್ಲ."

"ಅವರು ವಾಪಸ್ ಬಂದಾಗ ಎಲ್ಲರೂ ನಿಂತು ಚಪ್ಪಾಳೆ ಹೊಡೀತಾರೆ ಸಾರ್," ಎಂದಳು ದೊಡ್ಡಕ್ಕ. "ನಮಗೆ ಗಂಟೆ ಹೊಡೀತೀರಿ."

ಆದರೂ ಪೊಟ್ಟಣ ತಂದಳು. ಕೆಲಸ ಬೇಕಿತ್ತು. ಗಂಡ ಬೆನ್ನು ಮುರಿದುಕೊಂಡು ಮನೆಯಲ್ಲಿದ್ದ. ಸಾಲುಮನೆಯ ಅಂಗಳದಲ್ಲಿ ನಾದಿನಿ ಅದನ್ನು ಬಟ್ಟೆಯ ಮೇಲೇ ಕಟ್ಟಿಕೊಂಡು, ಕೈ ಹಿಂದೆ ಕಟ್ಟಿ, ನಿರ್ದೇಶಕರ ಹಾಗೆ ಗೆರೆ ನೋಡುತ್ತ ಅತ್ತಿಂದಿತ್ತ ನಡೆದು ತೋರಿಸಿದಳು. ಹಾಸಿಗೆಯಲ್ಲಿದ್ದ ಅಣ್ಣ ನಕ್ಕು ನಕ್ಕು ಬೆನ್ನು ಹಿಡಿದುಕೊಂಡ. ದೊಡ್ಡಕ್ಕನೂ ನಕ್ಕಳು. ಮರುದಿನ ಕಟ್ಟಿಕೊಂಡು ಹೋದಳು. ಆ ಬಿಸಿಯಲ್ಲಿ ತೆವಳಿ, ಏಣಿ ಹತ್ತಿ ಇಳಿದು, ಹತ್ತು ಗಂಟೆಗೆಲ್ಲ ತೊಡೆ ಸಂದಿ ಕೆಂಪಾಗಿ ಸುಲಿದುಹೋಗಿತ್ತು. ಒಂದು ವಾರ ಕಾಲು ಅಗಲಿಸಿ ನಡೆದಳು. ಪೊಟ್ಟಣದಲ್ಲಿ ಉಳಿದಿದ್ದನ್ನು ಮೌನಿ ತನ್ನ ಮನೆಯ ಸೋರುವ ಮಾಡಿನಡಿ ಹಾಸಿದಳು. ಒಂದು ಹನಿ ಕೆಳಗಿಳಿಯಲಿಲ್ಲ ಎಂದು ಬಹಳ ಹೊಗಳಿದಳು.

ಆಮೇಲಿನ ಸೋಮವಾರ ಅದು ನಡೆಯಿತು. ನೋಡುಗರು ಒಳಗಿದ್ದರು. ಮೇಷ್ಟ್ರು ನಿಧಾನಕ್ಕೆ, ಪ್ರತಿ ಎಲೆಗೂ ನ್ಯಾಯ ಒದಗಿಸುತ್ತ ಬರುತ್ತಿದ್ದರು. ಜರಿಗಿಡದ ಹಿಂದೆ ದೊಡ್ಡಕ್ಕ ಹಲ್ಲು ಕಚ್ಚಿ ಕೂತಿದ್ದಳು. ನಾದಿನಿಯ ತೋಳನ್ನು ಉಗುರು ಇಳಿಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ಹಿಡಿತ ಸಡಿಲವಾಯಿತು. ಒಂದು ಸಣ್ಣ ಧಾರೆ ಬೇರುಗಳ ನಡುವಿನಿಂದ ಇಳಿದು, ಅವಸರವಿಲ್ಲದೆ, ಕಲ್ಲು ಹಾಸಿದ ದಾರಿಗೆ ಬಂತು. ನೇರ ಮೇಷ್ಟ್ರ ಚಪ್ಪಲಿಯ ಮುಂದೆ.

ಮೇಷ್ಟ್ರು ನೋಡಿದರು. ಅವರಿಗೆ ಅರ್ಥವಾಯಿತು. ಅವರೂ ಕೆಲಸ ಉಳಿಸಿಕೊಳ್ಳಬೇಕಾದವರೇ. ಕಂಠ ಸರಿಮಾಡಿಕೊಂಡರು.

"ಇಲ್ಲಿ ನೋಡಿ. ಎಲೆಗಳು ಬಿಟ್ಟ ತೇವ ಹನಿಗೂಡಿ, ಹೀಗೆ ಸಣ್ಣ ತೊರೆಯಾಗಿ, ಮತ್ತೆ ಬೇರಿಗೇ ಸೇರುತ್ತೆ. ಪ್ರಕೃತಿಯಲ್ಲಿ ಯಾವುದೂ ವ್ಯರ್ಥ ಅಲ್ಲ."

ಜನ ಬಗ್ಗಿ ಫೋಟೋ ತೆಗೆದರು. ಒಬ್ಬರು ಬೆರಳದ್ದಿ, ಬೆಚ್ಚಗಿದೆ ಎಂದು ಬೆರಗಾದರು. ಮೇಷ್ಟ್ರು, ಅದು ಮಣ್ಣಿನ ಜೀವಶಾಖ ಎಂದರು. ಒಂದು ಮಗು ವಾಸನೆಯ ಬಗ್ಗೆ ಏನೋ ಹೇಳಹೊರಟಿತು. ತಾಯಿ ಅದರ ಬಾಯಿ ಮುಚ್ಚಿದಳು.

ದೊಡ್ಡಕ್ಕ ಇದೆಲ್ಲವನ್ನೂ ಕೇಳುತ್ತ, ಒದ್ದೆ ಬಟ್ಟೆಯಲ್ಲಿ, ಅಲ್ಲಾಡದೆ ಕೂತಿದ್ದಳು. ಅಲ್ಲಾಡಿದರೆ ಎಲೆ ಅಲ್ಲಾಡುತ್ತದೆ. ಮಧ್ಯಾಹ್ನ ಹೊರಗೆ ಬಂದು ನಲ್ಲಿಯ ಹತ್ತಿರ ಬಟ್ಟೆ ಹಿಂಡಿಕೊಳ್ಳಲು ಬಗ್ಗಿದಾಗ ಮೇಸ್ತ್ರಿ ಓಡಿಬಂದ. ಆ ನಲ್ಲಿ ಬೇಡ, ಕಚೇರಿಯವರು ಕುಡಿಯುವ ನೀರು ಹಿಡಿಯುವುದು ಅಲ್ಲಿಂದಲೇ ಎಂದ. ಕೆಟ್ಟವನಲ್ಲ, ನೆಲ ನೋಡುತ್ತಲೇ ಹೇಳಿದ. ಮೌನಿ ಅವನ ತಾಯಿ ತಂದೆ, ಹಿರಿಯರು, ಮುಂದೆ ಹುಟ್ಟಬೇಕಾದವರು ಎಲ್ಲರನ್ನೂ ವಿಚಾರಿಸಿಕೊಂಡಳು. ದೊಡ್ಡಕ್ಕ ಒದ್ದೆ ಬಟ್ಟೆಯಲ್ಲೇ ಹೊರಟಳು. ಸಾಲುಮನೆಯ ದಾರಿಯಲ್ಲಿ ಅರ್ಧ ದೂರ ನಡೆದ ಮೇಲೆ ನಿಂತಳು.

"ನನ್ನ ಉಚ್ಚೆಗೆ ಫೋಟೋ ತೆಗೆದ್ರು. ಬೆರಳಲ್ಲಿ ಮುಟ್ಟಿ ನೋಡಿದ್ರು. ನಾನು ಮುಟ್ಟಿದ್ರೆ ನಲ್ಲಿ ಕೆಡುತ್ತೆ."

ಆ ವಾರದ ಕೊನೆಗೆ ಐದು ಜನ ಪರೀಕ್ಷಕರು ಬರುವವರಿದ್ದರು. ಈ ಕಾಡು ತನ್ನಷ್ಟಕ್ಕೆ ತಾನೇ ನಡೆಯುತ್ತದೆ, ಹೊರಗಿನವರ ನೆರವು ಬೇಡ ಎಂದು ನೋಡಿ ಒಪ್ಪಿ ಪ್ರಮಾಣಪತ್ರ ಕೊಡುವವರು. ಬಂದ ದಿನ ನಿರ್ದೇಶಕರು ಅವರಿಗೆ ಕಚೇರಿಯಲ್ಲಿ ಚಹಾ ಕೊಟ್ಟರು, ಹಣ್ಣಿನ ರಸ ಕೊಟ್ಟರು, ಬೇಡ ಎಂದರೂ ಮತ್ತೊಮ್ಮೆ ಚಹಾ ಕೊಟ್ಟರು. ನಂತರ ಒಳಗೆ ಕರೆತಂದು, ಬೀಗ ಹಾಕಿಸಿ, ಹನ್ನೆರಡರವರೆಗೆ ಬಾಗಿಲು ತೆಗೆಯುವುದಿಲ್ಲ, ಗೆರೆಯಲ್ಲಿ ಒಂದೇ ಒಂದು ಹಲ್ಲು ಬೀಳುವುದಿಲ್ಲ, ತಾವೇ ನೋಡಬಹುದು ಎಂದು ಪರದೆ ತೋರಿಸಿದರು. ಅವರ ಲೆಕ್ಕಾಚಾರದಲ್ಲಿ ಎಲ್ಲವೂ ಇತ್ತು, ಪರೀಕ್ಷಕರ ವಯಸ್ಸೊಂದು ಬಿಟ್ಟು.

ಗಂಟೆ ಬಾರಿಸಿತು. ನಾದಿನಿ, ಮೌನಿ ಜರಿಗಿಡದ ಹಿಂದೆ ಹೋದರು. ದೊಡ್ಡಕ್ಕ ಹೋಗಲಿಲ್ಲ. ಹಸಿರು ನಿಲುವಂಗಿ ತೆಗೆದು ಏಣಿಗೆ ನೇತುಹಾಕಿದಳು. ಒಳಗೆ ಮನೆಯಿಂದ ಉಟ್ಟು ಬಂದ ಕೆಂಪು ಬಟ್ಟೆ. ದಾರಿಯ ಪಕ್ಕದಲ್ಲೇ ಕುಂಬಳದ ನಡುವೆ ಮೊಣಕಾಲೂರಿ ಕೆಲಸಕ್ಕೆ ಕೂತಳು.

ಮೇಷ್ಟ್ರು ಬಂದರು, ಕಂಡರು, ಮಾತು ನಿಂತಿತು. ಪರೀಕ್ಷಕರಲ್ಲಿ ಹಿರಿಯರು, ಬಿಳಿ ಗಡ್ಡದವರು, ಇವರು ಯಾರು ಎಂದು ಕೇಳಿದರು. ನಿರ್ದೇಶಕರು ನಗುತ್ತ, ಕಸ ತೆಗೆಯುವವಳು, ಈಗ ಹೋಗುತ್ತಾಳೆ ಎಂದರು.

"ಅಲ್ಲ ಸಾರ್," ಎಂದು ದೊಡ್ಡಕ್ಕ ಎದ್ದಳು. ಕೈಯಲ್ಲಿ ಸುಲಿದ ಗಂಡು ಹೂ. "ನಾನು ಇಲ್ಲಿ ಜೇನು. ಇನ್ನೆರಡು ಆ ಗಿಡದ ಹಿಂದೆ ಕೂತಿವೆ. ಏಳ್ರೇ."

ಇಬ್ಬರೂ ಎದ್ದರು. ಮೌನಿ ನಮಸ್ಕಾರ ಎಂದಳು. ನನಗೆ ಕುಟುಕಲು ಬರುವುದಿಲ್ಲ, ಕಲಿಯುತ್ತಿದ್ದೇನೆ ಎಂದೂ ಸೇರಿಸಿದಳು.

ನಿರ್ದೇಶಕರ ನಗು ಮುಖದ ಮೇಲೆ ಉಳಿದಿತ್ತು, ತೆಗೆಯಲು ಮರೆತ ಹಾಗೆ. ಇದನ್ನೆಲ್ಲ ಆಮೇಲೆ ಮಾತಾಡೋಣ, ಈಗ ಹಿಂದೆ ಹೋಗಮ್ಮ ಎಂದು ಮೆಲ್ಲಗೆ ಹೇಳಿದರು.

"ಹೋಗಲ್ಲ. ನನಗೆ ಒಂದಕ್ಕೆ ಹೋಗ್ಬೇಕು. ಮೇಸ್ತ್ರಿ, ಬಾಗಿಲು ತೆಗಿ."

ಮೇಸ್ತ್ರಿ ನಿರ್ದೇಶಕರ ಮುಖ ನೋಡಿದ. ನಿರ್ದೇಶಕರು ಪರದೆ ನೋಡಿದರು. ಗೆರೆ ನೇರವಾಗಿತ್ತು.

"ತೆಗೆದ್ರೆ ಅಲ್ಲಿ ಹೋಗ್ತೀನಿ," ಎಂದಳು ದೊಡ್ಡಕ್ಕ. "ತೆಗೀದಿದ್ರೆ ಇಲ್ಲೇ, ದಾರಿ ಮಧ್ಯ, ನಿಮ್ಮೆಲ್ಲರ ಮುಂದೆ ಕೂರ್ತೀನಿ. ಗಿಡದ ಹಿಂದೆ ಇನ್ನು ಕೂರಲ್ಲ. ಮೇಷ್ಟ್ರು ಅದಕ್ಕೊಂದು ವಿವರಣೆ ಕೊಡ್ತಾರೆ, ಹೋದ ಸಲ ಚೆನ್ನಾಗೇ ಕೊಟ್ಟಿದ್ರು."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ದೊಡ್ಡಕ್ಕ ದಾರಿಯ ನಡುವೆ ಬಂದು, ಐದು ಜನ ಪರೀಕ್ಷಕರ ಎದುರು, ಬಟ್ಟೆಯ ಅಂಚು ಹಿಡಿದು ಕುಕ್ಕರಿಸಲು ಮೊದಲುಮಾಡಿದಳು. ಹೆದರಿಸಲು ಅಲ್ಲ. ಅವಳ ಮುಖ ನೋಡಿದವರಿಗೆ ಅದು ಗೊತ್ತಾಯಿತು. ಮೇಸ್ತ್ರಿಗೂ ಗೊತ್ತಾಯಿತು. ಯಾರೂ ಹೇಳದೆ ಅವನ ಕೈ ಸೊಂಟಕ್ಕೆ ಹೋಯಿತು. ಒಳಬಾಗಿಲು ತೆರೆಯಿತು, ಹೊರಬಾಗಿಲು ತೆರೆಯಿತು. ತೆರೆದೇ ಇದ್ದವು. ಗೆರೆಯಲ್ಲಿ ಬಿದ್ದದ್ದು ಹಲ್ಲಲ್ಲ, ದವಡೆ.

ದೊಡ್ಡಕ್ಕ ಮುಂದೆ, ನಾದಿನಿ ಹಿಂದೆ, ಮೌನಿ ಅವಳ ಹಿಂದೆ. ಪೊದೆಯ ಕಡೆ ತಿರುಗಲಿಲ್ಲ. ನೇರ ಕಚೇರಿಯ ಶೌಚಾಲಯಕ್ಕೆ ನಡೆದರು. ಅವರ ಹಿಂದೆ ಇನ್ನೂ ಕಾಲ ಸಪ್ಪಳ ಕೇಳಿಸಿತು. ಬಿಳಿ ಗಡ್ಡದ ಹಿರಿಯರು ಒಳಗೆ ಬಂದಾಗಿನಿಂದ ಪ್ರತಿ ಗಿಡದ ಮುಂದೆಯೂ ಕಾಲು ಬದಲಾಯಿಸುತ್ತ ನಿಂತಿದ್ದನ್ನು ಎಲ್ಲರೂ ಆಳವಾದ ಅಧ್ಯಯನವೆಂದು ತಿಳಿದಿದ್ದರು. ಅವರೀಗ ವಯಸ್ಸಿಗೆ ಮೀರಿದ ವೇಗದಲ್ಲಿ ಬರುತ್ತಿದ್ದರು. ಅವರ ಹಿಂದೆ ಉಳಿದ ನಾಲ್ವರು. ಈ ಹೆಂಗಸರಿಗೆ ಅನ್ಯಾಯವಾಗಿದೆ ಎಂದು ಹಿರಿಯರು ನಡೆಯುತ್ತಲೇ ಗದ್ಗದ ಕಂಠದಲ್ಲಿ ಹೇಳಿದರು. ಮಾತಿನಲ್ಲಿ ಮಾನವೀಯತೆ ತುಂಬಿತ್ತು. ತುಂಬಿದ್ದು ಮಾನವೀಯತೆಯೊಂದೇ ಅಲ್ಲ ಎನ್ನುವುದು ಅವರ ನಡಿಗೆಯಲ್ಲಿ ಕಾಣುತ್ತಿತ್ತು.

ಶೌಚಾಲಯ ಇದ್ದದ್ದು ಒಂದೇ. ದೊಡ್ಡಕ್ಕ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಸಾಲು ನಿಂತಿತು: ನಾದಿನಿ, ಮೌನಿ, ಆಮೇಲೆ ಐದು ಜನ ಪರೀಕ್ಷಕರು. ನಿರ್ದೇಶಕರು ಬಾಗಿಲಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರು.

"ದೊಡ್ಡವರು ಕಾಯ್ತಿದಾರಮ್ಮ. ಬೇಗ ಬಾ."

"ಕಾಯಲಿ ಸಾರ್," ಎಂದಿತು ಒಳಗಿನ ದನಿ. "ಅಭ್ಯಾಸ ಆಗುತ್ತೆ."

ಅವಸರ ಮಾಡಲಿಲ್ಲ. ಉರಿಯುತ್ತಿತ್ತು, ನಿಧಾನಕ್ಕೇ ಆಗಬೇಕಿತ್ತು. ಆಮೇಲೆ ಸೋಪು ಹಚ್ಚಿ ಕೈ ತೊಳೆದಳು. ನಲ್ಲಿಗೆ ಬಾಯಿಯೊಡ್ಡಿ ಹೊಟ್ಟೆ ತುಂಬ ನೀರು ಕುಡಿದಳು. ಕನ್ನಡಿಯಲ್ಲಿ ಮೂಗಿನ ಮೇಲಿನ ಹಳದಿ ಪುಡಿ ಕಂಡಿತು, ಹಾಗೇ ಬಿಟ್ಟಳು. ನಾದಿನಿ ಹೋದಳು. ಮೌನಿ ಹೋದಳು, ಒಳಗಿಂದಲೂ ಮಾತಾಡಿದಳು. ಆಗಷ್ಟೇ ಹಿರಿಯರ ಸರದಿ ಬಂತು. ಅಷ್ಟರಲ್ಲಿ ಅದು ಬೇಕಾಗಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಹಿರಿಯರ ಪ್ಯಾಂಟು ಕಡು ಬಣ್ಣದ್ದಾಗಿದ್ದರಿಂದ ಖಚಿತವಾಗಿ ಹೇಳಲಾಗದು.

ಪರೀಕ್ಷಕರು ಪ್ರಮಾಣಪತ್ರ ಕೊಡಲಿಲ್ಲ. ಮನುಷ್ಯರ ಕೈ ಸೋಕಿದ್ದಕ್ಕಲ್ಲ, ಬೆಳಗಿನ ನಡುವೆ ಬಾಗಿಲು ತೆರೆದು ಗೆರೆ ಕೆಟ್ಟದ್ದಕ್ಕೆ. ಮಾರನೆಯ ದಿನದಿಂದ ದೊಡ್ಡಕ್ಕ ಬರಬೇಕಾಗಿಲ್ಲ ಎಂದು ಮೇಸ್ತ್ರಿ ಬಂದು ಹೇಳಿದ. ಉಳಿದಿಬ್ಬರು ಬರಬಹುದು ಎಂದೂ ಹೇಳಿದ. ಉಳಿದಿಬ್ಬರು ಅವನಿಗೆ ಹೇಳಿದ್ದನ್ನು ಅವನು ಮೇಲಿನವರಿಗೆ ಪೂರ್ತಿ ತಲುಪಿಸಲಿಲ್ಲ.

ಕೆಲವು ದಿನ ಏನೂ ಕಾಣಲಿಲ್ಲ. ಗಂಡು ಹೂ ಅರಳಿದವು, ಉದುರಿದವು. ಹೆಣ್ಣು ಹೂವಿನಡಿಯ ಬೆರಳುದ್ದದ ಕಾಯಿಗಳು ಹಳದಿಗಟ್ಟಿ ಕಳಚಿದವು. ಮೊದಲು ಬಿಟ್ಟಿದ್ದ ಹಣ್ಣು ಮುಗಿದ ಮೇಲೆ ಪಿಕಳಾರಗಳು ಕಂಬಳಿಹುಳುಗಳಿಗೆ ಬಾಯಿ ಹಾಕಿದವು, ಅವು ಮುಗಿದ ಮೇಲೆ ಜೇಡಗಳಿಗೆ. ಕಪ್ಪೆಗೆ ಹುಳು ಸಿಗಲಿಲ್ಲ. ಆಮೆ ಕುಂಬಳದ ಬಳ್ಳಿಯನ್ನೇ ತಿಂದು, ಆಮೇಲೆ ನಿರ್ದೇಶಕರ ಬೂಟಿನ ದಾರ ಹಿಡಿದು ಬಿಡಲಿಲ್ಲ. ಕಚೇರಿಯವರು ಸಂತೆಯಿಂದ ಹಾಗಲಕಾಯಿ ತಂದು ಬಳ್ಳಿಗೆ ದಾರದಲ್ಲಿ ಕಟ್ಟಿದರು. ಹಸಿರು ಕಾಯಿಯನ್ನು ಯಾವ ಹಕ್ಕಿಯೂ ಮೂಸಲಿಲ್ಲ. ನೋಡುಗರಲ್ಲಿ ಒಬ್ಬ ಹೆಂಗಸು ಗಂಟು ಬಿಚ್ಚಿ ನಾಲ್ಕು ಕಾಯಿ ಚೀಲಕ್ಕೆ ಹಾಕಿಕೊಂಡು ಹೋದಳು. ಮೇಷ್ಟ್ರು ವಿವರಣೆಗೆ ರಜೆ ಹಾಕಿದರು.

ಕಪ್ಪೆಯ ಡಾಕ್ಟರೇಟಿನವರು ಕುಂಚ ಹಿಡಿದು ಏಣಿ ಹತ್ತಿ ಒಂದು ದಿನ ನೋಡಿದರು. ಇಳಿದವರು ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡರು.

ಮೇಸ್ತ್ರಿ ಮತ್ತೆ ಚರಂಡಿ ದಾಟಿ ಬಂದ. ಹೊಸಿಲ ಹೊರಗೇ ನಿಂತು, ಬೆಳಿಗ್ಗೆ ಬೀಗ ಹಾಕುವುದಿಲ್ಲವಂತೆ, ಬನ್ನಿ ಎಂದ.

"ಒಳಗೆ ಬಾ, ನೀರು ಕುಡಿ," ಎಂದಳು ದೊಡ್ಡಕ್ಕ.

ಬೇಡ, ಈಗಷ್ಟೇ ಕುಡಿದೆ ಎಂದ ಮೇಸ್ತ್ರಿ.

"ಹಂಗಾದ್ರೆ ಕೇಳಿಸ್ಕೊ. ಬೀಗ ಇರಬಾರದು. ಪೊದೆಗೆ ಹೋಗಲ್ಲ, ಕಚೇರಿ ಟಾಯ್ಲೆಟ್ಟೇ ಆಗ್ಬೇಕು. ಆ ನಲ್ಲಿ ನೀರು ನಾವೂ ಕುಡೀತೀವಿ. ಜನ ಬಂದ್ರೆ ಬರಲಿ, ನಾವು ಬಚ್ಚಿಟ್ಕೊಳಲ್ಲ."

ಕೊನೆಯದು ಕಷ್ಟ ಎಂದ ಮೇಸ್ತ್ರಿ.

"ಹೂ ಉದುರಲಿ ಬಿಡು."

ಅವನು ಹೋದ. ಹೂ ಇನ್ನೂ ಒಂದು ವಾರ ಉದುರಿದವು. ಎರಡು ಪಿಕಳಾರ ಸತ್ತವು. ಆ ಸುದ್ದಿ ಕೇಳಿ ದೊಡ್ಡಕ್ಕ ಆ ದಿನ ಸರಿಯಾಗಿ ಉಣ್ಣಲಿಲ್ಲ, ಆದರೆ ಹೋಗಲೂ ಇಲ್ಲ. ವಾರದ ಕೊನೆಗೆ ನಾಲ್ಕಕ್ಕೂ ಒಪ್ಪಿಗೆ ಬಂತು. ಮೂವರೂ ಕೆಲಸಕ್ಕೆ ಹೋದರು, ತಮ್ಮ ತಮ್ಮ ಬಟ್ಟೆಯಲ್ಲಿ.

ಈಗ ಬೆಳಿಗ್ಗೆ ಬಾಗಿಲಿಗೆ ಬೀಗವಿಲ್ಲ. ಹೆಂಗಸರು ಬೇಕಾದಾಗ ಕಚೇರಿಯ ಶೌಚಾಲಯಕ್ಕೆ ಹೋಗಿ ಬರುತ್ತಾರೆ. ಕಚೇರಿಯವರು ತಮಗೆ ಬೇರೆ ಶೌಚಾಲಯ ಕಟ್ಟಿಸಿಕೊಂಡರು.